ಸುಡುವ ಮೊದಲು ಉಜ್ಜಿದ್ದು: ಒಂದು ಶಿವನೆ ಹಲಗೆಯ ದಿನಚರಿ

ಹೋದ ವರ್ಷ ದೀಪಾವಳಿಗೆ ಮುಂಚೆ ನಾನು ಸುಟ್ಟು ಮುಗಿಸುವುದರಲ್ಲಿದ್ದ ಸುಡುಚಿತ್ರದ (ಕಾಯಿಸಿದ ಲೋಹದ ಮೊನೆಯಿಂದ ಮರದ ಮೇಲೆ ಗೆರೆ ಸುಟ್ಟು ಬಿಡಿಸುವ ಚಿತ್ರದ) ಫಲಕವೊಂದನ್ನು ಗೋಡೆಗೆ ತೂಗುಹಾಕುವ ಬದಲು ಮತ್ತೆ ಕೀಸುಳಿಯ ಬಾಯಿಗೆ ಕೊಡಬೇಕಾಯಿತು. ಗೆರೆಗಳಲ್ಲಿ ತಪ್ಪಿರಲಿಲ್ಲ. ಅಂಚಿನ ಪಟ್ಟಿಯೊಳಗೆ ತೆಳು ಕಂದು ಛಾಯೆ ತುಂಬಲೆಂದು ಅಗಲ ಮೊನೆಯನ್ನು ಹಗುರವಾಗಿ ಆಡಿಸತೊಡಗಿದಾಗ, ಅಲ್ಲಿಯವರೆಗೆ ಕಣ್ಣಿಗೂ ಬೆರಳಿಗೂ ಸಿಗದೆ ಅಡಗಿದ್ದ ಸುರುಳಿ ಗೀರುಗಳು ಒಂದೊಂದಾಗಿ ಕಪ್ಪಾಗಿ ಮೇಲೆದ್ದವು. ಜಿಲೇಬಿಯನ್ನು ತುಂಡು ಮಾಡಿ ಚೆಲ್ಲಿದಂತೆ ಕಾಣುತ್ತಿದ್ದ ಅವು ಉಜ್ಜುವ ಯಂತ್ರದ 80ನೇ ನಂಬರಿನ ಉಪ್ಪುಕಾಗದ ಬಿಟ್ಟುಹೋದ ಗುರುತುಗಳು. ಆ ದಿನ ನಾನು ಒರಟಾದ 80ರಿಂದ ನೇರವಾಗಿ ನಯವಾದ 220ಕ್ಕೆ ಹಾರಿದ್ದೆ, ಮೇಲ್ಮೈ ಕೈಗೆ ನುಣುಪಾಗಿ ಸಿಕ್ಕಿದ್ದರಿಂದ ಕೆಲಸ ಮುಗಿಯಿತೆಂದೇ ನಂಬಿದ್ದೆ. ಗೀರಿನ ಎರಡು ಅಂಚುಗಳಲ್ಲಿ ಕೂದಲಿನಷ್ಟು ತೆಳ್ಳಗೆ ಎದ್ದು ನಿಂತ ನಾರು ಸುತ್ತಲಿನ ಮರಕ್ಕಿಂತ ಬೇಗ ಕಾಯುತ್ತದೆ ಮತ್ತು ಬೇಗ ಕರಿಯಾಗುತ್ತದೆ, ಗೀರಿನ ತಳಕ್ಕೆ ಮೊನೆ ಮುಟ್ಟದೆ ಅದು ಬಿಳಿಯಾಗಿಯೇ ಉಳಿಯುತ್ತದೆ. ಹೀಗಾಗಿ ಬಣ್ಣ ಬಳಿದರೆ ಮುಚ್ಚಿಹೋಗಬಹುದಾಗಿದ್ದ ಗೀರು ಸುಟ್ಟಾಗ ಎರಡು ಪಟ್ಟು ಎದ್ದು ಕಾಣುತ್ತದೆ. ಎರಡು ಸಂಜೆಗಳ ಕೆಲಸ ಅರ್ಧ ಗಂಟೆಯಲ್ಲಿ ಹೊಟ್ಟಾಗಿ ಉದುರಿತು.

ಆ ಹಲಗೆ ಅಷ್ಟರಲ್ಲಿ ತೀರ ತೆಳ್ಳಗಾಗಿದ್ದರಿಂದ ಹೊಸದೊಂದನ್ನು ತಂದು, ಈ ಬಾರಿ ಸುಡುವುದಕ್ಕಿಂತ ಮೊದಲಿನ ಕೆಲಸಕ್ಕೇ ಹೆಚ್ಚು ದಿನ ಕೊಡುವುದೆಂದು ನಿರ್ಧರಿಸಿದೆ. ಕೆಳಗಿನದು ಶಿವನೆ ಮರದ ಆ ಎರಡನೆಯ ಹಲಗೆಯ ಕಥೆ. ಫೆಬ್ರವರಿಯಲ್ಲಿ ಮಿಲ್ಲಿನಿಂದ ಬಂದ ದಿನದಿಂದ ಏಪ್ರಿಲ್‌ನಲ್ಲಿ ಮೊದಲ ಗೆರೆ ಸುಡುವವರೆಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡದ್ದನ್ನು ಇಲ್ಲಿ ಕೊಂಚ ವಿಸ್ತರಿಸಿದ್ದೇನೆ.

ಮರದ ಆಯ್ಕೆಯ ಬಗ್ಗೆ ಮೊದಲು ಹೇಳಬೇಕು. ಯುರೋಪ್, ಅಮೆರಿಕದ ಸುಡುಚಿತ್ರಕಾರರು ಬಾಸ್‌ವುಡ್, ಬರ್ಚ್, ಮೇಪಲ್, ಪಾಪ್ಲರ್ ಮರಗಳನ್ನು ಬಳಸುತ್ತಾರೆ, ಏಕೆಂದರೆ ಅವು ಬಿಳಿಯಾಗಿರುತ್ತವೆ, ಅವುಗಳ ನಾರು ಒತ್ತಾಗಿ ಸಮವಾಗಿರುತ್ತದೆ, ಅಂಟುರಾಳ ಕಡಿಮೆ. ನಮಗೆ ಬೇಕಾದದ್ದು ಈ ಗುಣಗಳೇ ಹೊರತು ಆ ಹೆಸರುಗಳಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ದಂತದ ಬಣ್ಣ, ನಾರು ಕಾಣದಷ್ಟು ನಯ. ಆದರೆ ಅದು ಸಣ್ಣ ಮರ, ಒಂದಡಿ ಅಗಲದ ಹಲಗೆ ಅದರಲ್ಲಿ ಸಿಗುವುದು ಕಷ್ಟ. ತೇಗದಲ್ಲಿ ಎಣ್ಣೆಯ ಅಂಶವಿದೆ, ಮರದ ಬಣ್ಣವೇ ಕಂದಾಗಿರುವುದರಿಂದ ಸುಟ್ಟ ಗೆರೆ ಎದ್ದು ಕಾಣುವುದಿಲ್ಲ. ಹಲಸು ಹೊಸದರಲ್ಲಿ ಹೊಂಬಣ್ಣವಿದ್ದು ಚಂದ ಕಂಡರೂ ಬೆಳಕಿಗೆ ವರ್ಷಗಳು ಕಳೆದಂತೆ ಕಂದಾಗುತ್ತಾ ಹೋಗಿ ತೆಳು ಛಾಯೆಗಳನ್ನೆಲ್ಲ ನುಂಗಿಬಿಡುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗವಾಗಿ ಸಿಗುತ್ತದೆ, ಆದರೆ ಅದರ ಮೈಮೇಲಿನ ಹೊಳೆಯುವ ಮಚ್ಚೆಗಳು ಸುತ್ತಲಿನ ಮರದ ಹಾಗೆ ಸುಡುವುದಿಲ್ಲ.

ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಪುಕ್ಕಟೆ ಸಿಗುತ್ತದೆಂದು ಅನೇಕರು ಅದರಿಂದಲೇ ಆರಂಭಿಸುತ್ತಾರೆ. ಪೈನಿನ ಉಂಗುರಗಳಲ್ಲಿ ಒಂದು ಎಳೆ ಮೆತ್ತಗೆ, ಪಕ್ಕದ್ದು ಗಟ್ಟಿ. ಮೆತ್ತಗಿನದರಲ್ಲಿ ಮೊನೆ ಮುಳುಗುತ್ತದೆ, ಗಟ್ಟಿಯಾದದ್ದನ್ನು ಮುಟ್ಟಿದೊಡನೆ ಎಗರುತ್ತದೆ, ನೇರ ಗೆರೆಯು ಚುಕ್ಕಿಗಳ ಸಾಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೊರದೇಶಗಳಿಂದ ಬರುವ ಪೆಟ್ಟಿಗೆಗಳ ಮೇಲಿನ ಮುದ್ರೆಯನ್ನು ನೋಡಿಕೊಳ್ಳಬೇಕು. ‘ಎಚ್‌ಟಿ’ ಎಂದಿದ್ದರೆ ಮರವನ್ನು ಶಾಖದಿಂದ ಶುದ್ಧಿಗೊಳಿಸಲಾಗಿದೆ, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಯಿಸಲಾಗಿದೆ. ಎರಡನೆಯದನ್ನು ಉಜ್ಜುವುದೂ ಬೇಡ, ಸುಡುವುದೂ ಬೇಡ. ಎಂಡಿಎಫ್ ಹಲಗೆ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ್ದು), ಹಳೆಯ ಪೇಂಟ್ ಅಥವಾ ವಾರ್ನಿಷ್ ಇರುವ ಮರ, ಕೀಟನಾಶಕ ಕುಡಿಸಿದ ಮರ, ಇವಕ್ಕೂ ಇದೇ ಮಾತು. ಪ್ಲೈವುಡ್ಡಿನ ಮೇಲ್ಪದರವು ಅರ್ಧ ಮಿಲಿಮೀಟರ್‌ಗಿಂತಲೂ ತೆಳ್ಳಗಿರಬಹುದು, ಸ್ವಲ್ಪ ಹೆಚ್ಚು ಉಜ್ಜಿದರೆ ಕೆಳಗಿನ ಅಂಟು ಬಾಯಿಬಿಡುತ್ತದೆ, ಮೊನೆ ಅಲ್ಲಿಗೆ ತಾಗಿದಾಗ ಬರುವ ವಾಸನೆಯೇ ಎಚ್ಚರಿಕೆ ಹೇಳುತ್ತದೆ.

ನಾನಿರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಇಲ್ಲಿಯ ಗುಡಿಗಾರರು ಗಂಧದ ಜೊತೆಗೆ ಶಿವನೆಯಲ್ಲೂ ಕೆತ್ತುತ್ತಾರೆ, ಆದ್ದರಿಂದ ಆ ಮರದ ಗುಣಾವಗುಣ ಬಲ್ಲವರು ಹತ್ತಿರದಲ್ಲೇ ಸಿಗುತ್ತಾರೆ. ಶಿವನೆ ಹಗುರ ಮರ, ಕೆನೆಹಾಲಿನ ಬಣ್ಣಕ್ಕೆ ತುಸು ಹಳದಿ ಬೆರೆತಂತಿರುತ್ತದೆ, ಒಮ್ಮೆ ಸರಿಯಾಗಿ ಒಣಗಿದ ಮೇಲೆ ಅಷ್ಟಾಗಿ ಡೊಂಕಾಗುವುದಿಲ್ಲ. ವಾದ್ಯಗಳಿಗೆ ಅದನ್ನು ಬಳಸುವುದಕ್ಕೆ ಈ ಕೊನೆಯ ಗುಣವೂ ಒಂದು ಕಾರಣ. ಅವಗುಣವೆಂದರೆ ನಾರು ಕೆಲವೆಡೆ ಅಡ್ಡ ಹೆಣೆದುಕೊಂಡಿರುತ್ತದೆ. ಈ ಅಡ್ಡನಾರು ನನ್ನನ್ನು ಎಷ್ಟು ಕಾಡಿತೆಂಬುದು ಮುಂದೆ ಬರುತ್ತದೆ.

ಮಿಲ್ಲಿನಲ್ಲಿ 20 ಇಂಚು ಉದ್ದ, 13 ಇಂಚು ಅಗಲ, 1 ಇಂಚು ದಪ್ಪದ ತುಂಡನ್ನು ಆರಿಸಿದೆ. ಬೇಕಾಗಿದ್ದದ್ದು 18ಕ್ಕೆ 12 ಇಂಚು. ಹೆಚ್ಚುವರಿಯನ್ನು ತುದಿಯ ಸೀಳಿಗೂ ಪರೀಕ್ಷೆಯ ಪಟ್ಟಿಗೂ ಲೆಕ್ಕ ಹಾಕಿಯೇ ತೆಗೆದುಕೊಂಡೆ. ಗಂಟು ಇರಲಿಲ್ಲ, ನಡುತಿರುಳೂ ಬಂದಿರಲಿಲ್ಲ. ಮಿಲ್ಲಿನವರು ‘ಒಣಗಿದ್ದೇ’ ಎಂದರು. ಕೈಗೆ ತಣ್ಣಗೆ ತಾಗಿದ್ದರಿಂದ ನನಗೆ ಅನುಮಾನವಿತ್ತು.

ಅನುಮಾನ ತೀರಿಸಿದ್ದು ಅಡುಗೆಮನೆಯ ತಕ್ಕಡಿ. ತೇವ ಅಳೆಯುವ ಮೀಟರು ನನ್ನಲ್ಲಿಲ್ಲ. ಮೊದಲ ದಿನ ಹಲಗೆ 2,320 ಗ್ರಾಂ ತೂಗಿತು. ಎರಡೂ ತುದಿಗಳಿಗೆ ಫೆವಿಕಾಲ್ ಬಳಿದೆ, ಏಕೆಂದರೆ ನೀರು ಹಲಗೆಯ ಮುಖಕ್ಕಿಂತ ತುದಿಯಿಂದ ಹಲವು ಪಟ್ಟು ಬೇಗ ಹೊರಬರುತ್ತದೆ ಮತ್ತು ತುದಿಗಳು ಸೀಳುವುದು ಅದರಿಂದಲೇ. ಅಡಿಗೆ ಮೂರು ರೀಪು ಕೊಟ್ಟು, ಎರಡೂ ಮುಖಗಳಿಗೆ ಗಾಳಿಯಾಡುವಂತೆ, ಬಿಸಿಲು ಬೀಳದ ನಡುಮನೆಯ ಮೂಲೆಯಲ್ಲಿ ಮಲಗಿಸಿದೆ. ವಾರದ ಕೊನೆಗೆ 2,232, ಎರಡನೆಯ ವಾರಕ್ಕೆ 2,170, ಮೂರನೆಯದಕ್ಕೆ 2,139, ನಾಲ್ಕನೆಯದಕ್ಕೆ 2,131. ಐದನೆಯ ವಾರದಲ್ಲಿ ಒಂದೇ ಗ್ರಾಂ ಇಳಿಯಿತು. ಸುತ್ತಲಿನ ಗಾಳಿಯೊಂದಿಗೆ ಮರದ ಲೆಕ್ಕ ಚುಕ್ತಾ ಆಯಿತೆಂಬುದಕ್ಕೆ ಇಷ್ಟು ಸಾಕಿತ್ತು. ಆದರೂ ಖಚಿತಪಡಿಸಿಕೊಳ್ಳಲು, ತುದಿಯಿಂದ ಎರಡಂಗುಲ ಬಿಟ್ಟು ಒಳಗಿನಿಂದ ಕೊಯ್ದ ಚಿಕ್ಕ ತುಂಡೊಂದನ್ನು ತೂಗಿ, ಓವನ್ನಿನಲ್ಲಿ 100 ಡಿಗ್ರಿಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಕಾದೆ. 63 ಗ್ರಾಂ ಇದ್ದದ್ದು 56ಕ್ಕೆ ಬಂದು ನಿಂತಿತು. ಹೋದ 7 ಗ್ರಾಂ ನೀರನ್ನು ಉಳಿದ 56ರಿಂದ ಭಾಗಿಸಿದರೆ ಶೇಕಡಾ 12.5. ಮನೆಯೊಳಗೆ ತೂಗುವ ಫಲಕಕ್ಕೆ ಇದು ಸರಿಯಾದ ಹದ. ಈ ಲೆಕ್ಕದಿಂದಲೇ ಹಿಂದಕ್ಕೆ ಹೋದರೆ, ಮಿಲ್ಲಿನಿಂದ ‘ಒಣಗಿದ್ದೇ’ ಎಂದು ಬಂದ ದಿನ ಅದರಲ್ಲಿ ಶೇಕಡಾ 22ಕ್ಕೂ ಹೆಚ್ಚು ನೀರಿತ್ತು.

ಹಸಿ ಮರವನ್ನು ಸುಟ್ಟರೆ ಆಗುವುದೇನು ಎಂದು ಕೇಳಬಹುದು. ಮೊನೆಯ ಶಾಖದ ಬಹುಪಾಲು ನೀರನ್ನು ಆವಿ ಮಾಡುವುದಕ್ಕೇ ವೆಚ್ಚವಾಗಿ ಗೆರೆ ಮಂಕಾಗುತ್ತದೆ, ನಾವು ಶಾಖ ಹೆಚ್ಚಿಸುತ್ತೇವೆ, ಮುಂದೆ ಒಣಗಿದ ಭಾಗ ಬಂದೊಡನೆ ಅದೇ ಶಾಖಕ್ಕೆ ಅಲ್ಲಿ ಇದ್ದಿಲಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಒಣಗಿದ ಮರವೂ ಗಾಳಿಯಿಂದ ನೀರು ಕುಡಿದು ಭಾರವಾಗುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹೊಸ ಹಲಗೆಗೆ ಕೈ ಹಚ್ಚುವುದಿಲ್ಲ.

ಒಣಗುವಾಗ ಹಲಗೆ ಸ್ವಲ್ಪ ದೋಣಿಯಾಗಿತ್ತು. ಸಿಪ್ಪೆಯ ಕಡೆಗಿದ್ದ ಮುಖ ನಡುವೆ ಒಂದೂವರೆ ಮಿಲಿಮೀಟರ್ ತಗ್ಗಿತ್ತು. ಇದು ನಿರೀಕ್ಷಿತವೇ. ಮಟ್ಟಗೋಲನ್ನು ಅಡ್ಡಲಾಗಿ ಇಟ್ಟು ಬೆಳಕಿಗೆ ಹಿಡಿದು ಉಬ್ಬಿದ ಕಡೆಗೆ ಪೆನ್ಸಿಲಿನಿಂದ ಗುರುತು ಮಾಡಿ ಕೀಸುಳಿ ಹಿಡಿದೆ. ಮೂರನೆಯ ಎಳೆತಕ್ಕೇ ಹಲಗೆಯ ಬಲಗಡೆ, ಅಂಗೈಯಷ್ಟು ಜಾಗದಲ್ಲಿ, ನಾರು ಕಿತ್ತು ಬಂದು ಕೋಳಿಯ ಪುಕ್ಕ ತರಿದಂತಾಯಿತು. ದಿಕ್ಕು ತಿರುಗಿಸಿ ಹೊಡೆದರೆ ಅದರ ಪಕ್ಕದ ಪಟ್ಟಿ ಕಿತ್ತಿತು. ಇದೇ ಅಡ್ಡನಾರು. ಒಂದು ಪಟ್ಟಿಯ ನಾರು ಈಚೆಗೆ ಒರಗಿದ್ದರೆ ಪಕ್ಕದ್ದು ಆಚೆಗೆ ಒರಗಿರುತ್ತದೆ, ಕೀಸುಳಿ ಯಾವ ದಿಕ್ಕಿಗೆ ಹೋದರೂ ಯಾವುದಾದರೊಂದಕ್ಕೆ ಎದುರಾಗಲೇಬೇಕು.

ಊರಿನ ಆಚಾರ್ರ ಕೊಟ್ಟಿಗೆಗೆ ಹಲಗೆ ಹೊತ್ತುಕೊಂಡು ಹೋದೆ. ಅವರು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಹೆಬ್ಬೆರಳಿನಿಂದ ಎರಡೂ ದಿಕ್ಕಿಗೆ ಸವರಿ, ‘ಇದಕ್ಕೆ ಹತ್ಯಾರ ಬೇಡ ಮಾರಾಯ್ರೆ, ಗಾಜು ಸಾಕು’ ಎಂದರು. ಮೂಲೆಯಲ್ಲಿದ್ದ ಒಡೆದ ಕಿಟಕಿ ಗಾಜಿನ ತುಂಡೊಂದನ್ನು ಎತ್ತಿ, ಹಿಡಿಯುವ ಕಡೆಗೆ ಹಳೆಯ ಸೈಕಲ್ ಟ್ಯೂಬಿನ ಚೂರು ಸುತ್ತಿ, ಅದರ ಒಡೆದ ಅಂಚನ್ನು ಹಲಗೆಗೆ ತುಸು ಮುಂದಕ್ಕೆ ವಾಲಿಸಿ ಹಿಡಿದು ಎರಡೂ ಕೈಗಳಿಂದ ಎಳೆದರು. ಪುಡಿಯಲ್ಲ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳನೆಯ ಸುರುಳಿ ಬಂತು. ಕೀಸುಳಿಯ ಅಲಗು ನಾರಿನ ಅಡಿಗೆ ನುಗ್ಗಿ ಅದನ್ನು ಎಬ್ಬಿಸುತ್ತದೆ, ಹೆರೆಯುವ ಅಂಚು ಹೆಚ್ಚುಕಡಿಮೆ ನೆಟ್ಟಗೆ ನಿಂತು ಮೇಲಿನಿಂದ ಸವರಿಕೊಂಡು ಹೋಗುವುದರಿಂದ ಯಾವ ಕಡೆಗೆ ಒರಗಿದ ನಾರನ್ನೂ ಕೀಳದೆ ಕತ್ತರಿಸುತ್ತದೆ. ಕಿತ್ತುಹೋದ ಜಾಗ ಹತ್ತು ನಿಮಿಷದಲ್ಲಿ ಮಟ್ಟಕ್ಕೆ ಬಂತು. ಅಲ್ಲಿಯೇ ಹೆರೆಯುತ್ತಾ ನಿಂತರೆ ಗುಂಡಿಯಾಗುತ್ತದೆಂದು ಅವರು ಸುತ್ತಲಿನ ಒಂದಡಿ ಜಾಗಕ್ಕೂ ಕೈ ಹಾಯಿಸಿದರು. ನಾನು ಅದೇ ಕೆಲಸವನ್ನು ಈಗ ಉಕ್ಕಿನ ತೆಳು ಹೆರೆತಗಡಿನಿಂದ ಮಾಡುತ್ತೇನೆ. ಗಾಜಿಗೆ ಆ ಹರಿತ ತಾನಾಗಿಯೇ ಬಂದಿರುತ್ತದೆಂಬುದು ನಿಜ, ಆದರೆ ಅದನ್ನು ಹಿಡಿಯಲು ಅವರ ಕೈ ಬೇಕು.

ಇನ್ನು ಉಜ್ಜುವ ಮಾತು. ಉಪ್ಪುಕಾಗದವೆನ್ನಿ, ಅಂಗಡಿಯಲ್ಲಿ ಕೇಳುವಂತೆ ಸ್ಯಾಂಡ್ ಪೇಪರ್ ಎನ್ನಿ, ಅದರ ಬೆನ್ನಿನ ಮೇಲಿನ ನಂಬರು ದೊಡ್ಡದಾದಷ್ಟೂ ಹರಳು ಸಣ್ಣದು. ಹರಳು ಮರವನ್ನು ಗೀರಿಯೇ ಸಮ ಮಾಡುತ್ತದೆ. ನುಣುಪು ಎಂಬುದು ಗೀರುಗಳಿಲ್ಲದ ಸ್ಥಿತಿಯಲ್ಲ, ಕಣ್ಣಿಗೆ ಬೀಳದಷ್ಟು ಸಣ್ಣ ಗೀರುಗಳ ಸ್ಥಿತಿ. ಪ್ರತಿಯೊಂದು ನಂಬರಿಗೂ ಇರುವುದು ಒಂದೇ ಕೆಲಸ, ಅದರ ಹಿಂದಿನ ನಂಬರು ಮಾಡಿದ ಗೀರುಗಳನ್ನು ಅಳಿಸಿ ಅದಕ್ಕಿಂತ ಸಣ್ಣವನ್ನು ಬಿಡುವುದು. 220ರ ಸಣ್ಣ ಹರಳು 80ರ ಆಳದ ಗೀರಿನ ತಳವನ್ನು ಮುಟ್ಟಬೇಕಾದರೆ ಗಂಟೆಗಟ್ಟಲೆ ಉಜ್ಜಬೇಕು. ಅಷ್ಟು ಹೊತ್ತು ಯಾರೂ ಉಜ್ಜುವುದಿಲ್ಲ, ಮೇಲಿನ ಅಂಚು ಮೃದುವಾದೊಡನೆ ಕೈ ಮೋಸಹೋಗುತ್ತದೆ. ಹೋದ ವರ್ಷ ನನಗಾದದ್ದು ಇದೇ.

ಹೆರೆದ ಹಲಗೆಗೆ 80ರ ಅಗತ್ಯವೇ ಇರಲಿಲ್ಲ. 120, 180, 220, 320 ಎಂಬ ನಾಲ್ಕು ಮೆಟ್ಟಿಲುಗಳನ್ನು ಇಟ್ಟುಕೊಂಡೆ. 9ಕ್ಕೆ 11 ಇಂಚಿನ ಪೂರ್ತಿ ಹಾಳೆಯನ್ನು ಮಡಚಿ ನಾಲ್ಕು ಮಾಡಿ, ಸುತ್ತಿ ಹಿಡಿಯಲು ಮೂರು ಇಂಚು ಅಗಲದ ಹಲಸಿನ ಅಚ್ಚೊಂದನ್ನು ಮಾಡಿ, ಅದರ ಅಡಿಗೆ ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಸಮವಾಗಿ ಕೊಯ್ದು ಅಂಟಿಸಿದೆ. ಬರಿಯ ಮರದ ಅಚ್ಚಿನಲ್ಲಿ ಎರಡು ಹರಳುಗಳ ನಡುವೆ ಸಿಕ್ಕಿಕೊಂಡ ಒಂದು ಗಟ್ಟಿ ಪುಡಿಯೂ ಗೀರು ಎಳೆಯುತ್ತದೆ, ಬೆರಳಿನಿಂದಲೇ ಒತ್ತಿ ಉಜ್ಜಿದರೆ ಮೆತ್ತಗಿನ ನಾರು ತಗ್ಗಿ ಮೇಲ್ಮೈ ಅಲೆಯಲೆಯಾಗುತ್ತದೆ. ಚಪ್ಪಲಿಯ ಅಟ್ಟೆ ಇವೆರಡರ ನಡುವಿನ ಹದ.

ಪ್ರತಿ ನಂಬರಿಗೂ ಮುನ್ನ ಹಲಗೆಯ ತುಂಬ ಪೆನ್ಸಿಲಿನಿಂದ ಓರೆ ಗೆರೆಗಳ ಬಲೆ ಹಾಕಿಕೊಂಡೆ. ಬಲೆ ಎಲ್ಲಿ ಉಳಿದಿದೆಯೋ ಅಲ್ಲಿ ಕಾಗದ ಮುಟ್ಟಿಲ್ಲವೆಂದು ಅರ್ಥ. 120ಕ್ಕೆ ಹನ್ನೆರಡು ನಿಮಿಷ ಹಿಡಿಯಿತು, ಉಳಿದವಕ್ಕೆ ಏಳೆಂಟು ನಿಮಿಷ. ಯಾವಾಗಲೂ ನಾರಿನ ಉದ್ದಕ್ಕೆ, ಅಡ್ಡಡ್ಡ ಎಂದೂ ಅಲ್ಲ. ಉದ್ದಕ್ಕೆ ಬಿದ್ದ ಗೀರು ನಾರಿನೊಳಗೇ ಅಡಗುತ್ತದೆ, ಅಡ್ಡ ಬಿದ್ದದ್ದು ನಾರನ್ನು ಕಡಿದು ಶಾಶ್ವತ ಸಾಕ್ಷಿ ಬಿಡುತ್ತದೆ. ಯಂತ್ರವನ್ನು ಈ ಹಲಗೆಗೆ ಮುಟ್ಟಿಸಲೇ ಇಲ್ಲ. ಯಂತ್ರ ಕೆಟ್ಟದ್ದೆಂದಲ್ಲ. ಅದನ್ನು ಬಳಸುವವರು 180ರವರೆಗೆ ಬಳಸಿ, ಒತ್ತಡ ಹಾಕದೆ ನಿಧಾನವಾಗಿ ನಡೆಸಿ, ಅದೇ ನಂಬರಿನಿಂದ ಒಮ್ಮೆ ಕೈಯಲ್ಲಿ ಉದ್ದಕ್ಕೆ ಉಜ್ಜಿ ಸುರುಳಿಗಳನ್ನು ಅಳಿಸಿದ ಮೇಲೆಯೇ ಮುಂದಕ್ಕೆ ಹೋಗುವುದು ಒಳ್ಳೆಯದು. ನಂಬರು ಬದಲಿಸುವಾಗಲೆಲ್ಲ ಹಲಗೆಯನ್ನು ಬ್ರಷ್ಷಿನಿಂದ ಗುಡಿಸುವುದನ್ನೂ ಮರೆಯಬಾರದು, 120ರ ಕಾಗದದಿಂದ ಉದುರಿದ ಒಂದು ಹರಳು 220ರ ಅಡಿಗೆ ಸಿಕ್ಕಿದರೂ ಮಾಡಿದ್ದೆಲ್ಲ ಹಾಳು.

ಬೆಳಗಿನ ಬೆಳಕಿನಲ್ಲಿ ಗೀರು ಕಾಣುವುದಿಲ್ಲ. ಸಂಜೆ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಹಲಗೆಯ ಮೇಲೆ ಬಹುತೇಕ ಮಲಗಿಸಿ ಹಿಡಿದರೆ ಪ್ರತಿಯೊಂದು ಗೀರೂ ನೆರಳು ಚೆಲ್ಲುತ್ತದೆ. ಹಾಗೆ ನೋಡಿದಾಗ ಎಡ ಮೂಲೆಯಲ್ಲಿ ಉಗುರಿನಷ್ಟು ಅಗಲದ ತಗ್ಗೊಂದು ಕಂಡಿತು. ಹಲಗೆಯನ್ನು ಮೇಜಿಗೆ ಬಿಗಿದಿದ್ದ ಹಿಡಿಕೆಯ ಗುರುತು ಅದು, ನಡುವೆ ರಟ್ಟು ಇಡಲು ಮರೆತಿದ್ದೆ. ಅದನ್ನು ಉಜ್ಜಿ ತೆಗೆಯಲು ಹೋದರೆ ಇಡೀ ಹಲಗೆಯನ್ನು ಅಷ್ಟು ಆಳಕ್ಕೆ ಇಳಿಸಬೇಕಾಗುತ್ತಿತ್ತು. ಬದಲಿಗೆ ಹತ್ತಿಬಟ್ಟೆಯ ಚೂರನ್ನು ಒದ್ದೆ ಮಾಡಿ ತಗ್ಗಿನ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯ ತುದಿಯನ್ನು ಹತ್ತು ಸೆಕೆಂಡು ಒತ್ತಿದೆ. ಬಟ್ಟೆ ಚುರ್ ಎಂದು ಹಬೆಯಾಡಿತು. ಮೂರು ಸಲ ಹೀಗೆ ಮಾಡುವಷ್ಟರಲ್ಲಿ ಅಮುಕಿದ್ದ ನಾರು ಹಬೆ ಕುಡಿದು ಉಬ್ಬಿ ಮಟ್ಟಕ್ಕೆ ಬಂತು. ನಾರು ಅಮುಕಿದ್ದರೆ ಮಾತ್ರ ಇದು ನಡೆಯುತ್ತದೆ, ಕತ್ತರಿಸಿಹೋಗಿದ್ದರೆ ಇಲ್ಲ. ಲಪ್ಪ (ಮರದ ತಗ್ಗು ಮುಚ್ಚುವ ಪುಟ್ಟಿ) ತುಂಬುವ ಯೋಚನೆಯನ್ನಂತೂ ಸುಡುವ ಹಲಗೆಯ ಮಟ್ಟಿಗೆ ಬಿಟ್ಟುಬಿಡಬೇಕು. ಮರ ಕಂದಾಗುವಲ್ಲಿ ಲಪ್ಪ ಕಂದಾಗುವುದಿಲ್ಲ, ಕೆಟ್ಟ ವಾಸನೆ ಬೇರೆ.

ಇದೇ ನೀರಿನ ಗುಣವನ್ನು ಇಡೀ ಹಲಗೆಗೆ ಬಳಸುವ ಒಂದು ಹಂತವಿದೆ, ಅದನ್ನು ಬಿಡುವವರೇ ಹೆಚ್ಚು. ಎಷ್ಟೇ ಜಾಗರೂಕತೆಯಿಂದ ಉಜ್ಜಿದರೂ ಕೆಲವು ನಾರುಗಳು ಕತ್ತರಿಸದೆ ಬರಿದೇ ಮಲಗಿಕೊಂಡಿರುತ್ತವೆ. ತೇವವೋ ಶಾಖವೋ ತಾಗಿದೊಡನೆ ಎದ್ದು ನಿಲ್ಲುತ್ತವೆ. ಆದ್ದರಿಂದ 220 ಮುಗಿದ ಮೇಲೆ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಎರಡೂ ಮುಖಗಳನ್ನು ಒಂದೇ ಸಮನೆ ಒರೆಸಿದೆ. ಒಂದೇ ಮುಖಕ್ಕೆ ನೀರು ತಾಗಿಸಿದರೆ ಹಲಗೆ ಮತ್ತೆ ದೋಣಿಯಾಗುತ್ತದೆ. ಒರೆಸಿದ ಕ್ಷಣದಲ್ಲಿ ಮರದ ನಿಜವಾದ ಬಣ್ಣವೂ ಉಳಿದ ಗೀರುಗಳೂ ಒಟ್ಟಿಗೆ ಕಾಣಿಸಿಕೊಂಡವು. ಎರಡು ಕಡೆ 120ರ ಗುರುತು ಉಳಿದಿತ್ತು, ಪೆನ್ಸಿಲಿನಿಂದ ಸುತ್ತು ಹಾಕಿಟ್ಟೆ. ರಾತ್ರಿಯಿಡೀ ಒಣಗಿದ ಹಲಗೆಯನ್ನು ಬೆಳಿಗ್ಗೆ ಮುಟ್ಟಿದರೆ ಎರಡು ದಿನ ಬೋಳಿಸದ ಗಲ್ಲದ ಹಾಗಿತ್ತು. ಗುರುತು ಹಾಕಿದ ಎರಡು ಜಾಗಗಳನ್ನು 180ರಿಂದ ಸರಿಮಾಡಿ, ಎಲ್ಲವನ್ನೂ 220ರಿಂದ ಮತ್ತೊಮ್ಮೆ ಹಾಯ್ದು, 320ರ ಹೊಸ ಕಾಗದದಿಂದ ಭಾರ ಹಾಕದೆ ಸವರಿದೆ. ಹೊಸ ಕಾಗದವೇ ಬೇಕು, ಏಕೆಂದರೆ ಸವೆದ ಕಾಗದ ನಾರನ್ನು ಕತ್ತರಿಸದೆ ಮತ್ತೆ ಮಲಗಿಸುತ್ತದೆ.

320ರ ಆಚೆಗೆ ಹೋಗಬೇಕೇ ಎಂಬುದು ಸುಡುಚಿತ್ರ ಮಾಡುವವರ ನಡುವೆ ಮುಗಿಯದ ಚರ್ಚೆ. ನನ್ನ ಮಟ್ಟಿಗೆ ತೀರ್ಮಾನಿಸಿಕೊಳ್ಳಲು ಅದೇ ಹಲಗೆಯಿಂದ ಕೊಯ್ದಿಟ್ಟ 18 ಇಂಚಿನ ಪಟ್ಟಿಯನ್ನು ಮೂರು ಮೂರು ಇಂಚಿನ ಆರು ಮನೆಗಳನ್ನಾಗಿ ಮಾಡಿದೆ. ಮೊದಲನೆಯದು ಬರಿ ಕೀಸುಳಿ ಹೊಡೆದದ್ದು, ಎರಡನೆಯದು 120ಕ್ಕೆ ನಿಲ್ಲಿಸಿದ್ದು, ಮೂರನೆಯದು 220ಕ್ಕೆ, ನಾಲ್ಕನೆಯದು ನೀರು ಒರೆಸದೆ 320ಕ್ಕೆ, ಐದನೆಯದು ನೀರು ಒರೆಸಿ 320ಕ್ಕೆ, ಆರನೆಯದು ಅಲ್ಲಿಂದಲೂ ಮುಂದೆ 600ರವರೆಗೆ ಉಜ್ಜಿದ್ದು. ಪ್ರತಿ ಮನೆಯಲ್ಲೂ ಒಂದೇ ಶಾಖದಲ್ಲಿ ನಾರಿನ ಅಡ್ಡಕ್ಕೆ ಮೂರು ಗೆರೆ, ಉದ್ದಕ್ಕೆ ಮೂರು ಗೆರೆ, ಒಂದು ಚೌಕ ಛಾಯೆ.

ಗೆರೆಯ ಅಂಚು ಅತ್ಯಂತ ಚೂಪಾಗಿ ಬಂದದ್ದು, ನನಗೇ ಆಶ್ಚರ್ಯವಾಗುವಂತೆ, ಕೀಸುಳಿಯ ಮನೆಯಲ್ಲಿ. ಹರಿತವಾದ ಅಲಗು ಕೊಯ್ದ ಮುಖಕ್ಕೆ ಯಾವ ಕಾಗದವೂ ಸಾಟಿಯಲ್ಲ. ಆದರೆ ಅಲ್ಲೇ ಸಾಸಿವೆಯಷ್ಟು ನಾರು ಕಿತ್ತಿದ್ದ ಕಡೆ ಕಪ್ಪು ಚುಕ್ಕೆಯಾಗಿ ಕೂತಿತು. 120ರ ಮನೆಯಲ್ಲಿ ಅಡ್ಡಗೆರೆಗಳು ಹೀರುಕಾಗದದ ಮೇಲಿನ ಮಸಿಯಂತೆ ಇಕ್ಕೆಲಕ್ಕೂ ಮುಳ್ಳು ಚಾಚಿದವು. 220ರಲ್ಲಿ ಗೆರೆ ಚೆನ್ನಾಗಿದ್ದರೂ ಛಾಯೆಯಲ್ಲಿ ಬಾಚಣಿಗೆ ಎಳೆದಂತಹ ತೆಳು ಎಳೆಗಳಿದ್ದವು. ನೀರು ಒರೆಸದ 320ರಲ್ಲಿ ಮೊನೆಯ ಮೊದಲ ಹಾದಿ ನುಣುಪಾಗಿತ್ತು, ಅದೇ ಜಾಗಕ್ಕೆ ಎರಡನೆಯ ಬಾರಿ ಬಂದಾಗ ಎದ್ದ ನಾರು ತೊಡರಿತು. ಐದನೆಯ ಮನೆಯಲ್ಲಿ ಈ ಯಾವ ದೋಷವೂ ಕಾಣಲಿಲ್ಲ. 600ರದ್ದು ಕೈಗೆ ರೇಷ್ಮೆ, ಕಣ್ಣಿಗೆ ಹೊಳಪು. ಆದರೆ ಪೆನ್ಸಿಲ್ ಹಿಡಿಯಲೇ ಇಲ್ಲ, ಮೊನೆ ಎಣ್ಣೆ ಹಚ್ಚಿದ ಹಂಚಿನ ಮೇಲಿನಂತೆ ಜಾರಿತು. ಮುಖಚಿತ್ರಗಳ ಸೂಕ್ಷ್ಮ ಛಾಯೆಗೆ ಅದನ್ನು ಮೆಚ್ಚುವವರಿದ್ದರೆ ನನ್ನ ತಕರಾರಿಲ್ಲ, ಉದ್ದ ಗೆರೆಗಳ ಚಿತ್ರಕ್ಕೆ ನನಗೆ ಬೇಡ.

ಇಲ್ಲೊಂದು ಹಳೆಯ ಮಾತು ನೆನಪಾಗುತ್ತದೆ. ಉಪ್ಪುಕಾಗದ ಸುಲಭವಾಗಿ ಸಿಗದ ಕಾಲದಲ್ಲಿ ನಮ್ಮ ಮಲೆನಾಡಿನಲ್ಲಿ ಗರಗತ್ತಿ ಮರದ ಒಣ ಎಲೆಯಿಂದ ಮರ ಉಜ್ಜುತ್ತಿದ್ದರು. ಎಲೆಯ ಮೈ ಬೆಕ್ಕಿನ ನಾಲಿಗೆಯಂತೆ ಒರಟು. ಕುತೂಹಲಕ್ಕೆ ಪಟ್ಟಿಯ ಹಿಂಬದಿಯನ್ನು ಅದರಿಂದ ಉಜ್ಜಿ ನೋಡಿದೆ. ನಯ ಚೆನ್ನಾಗಿಯೇ ಬಂತು, ಆದರೆ ಎಲೆಯ ಹಸಿರು ತುಸು ಮರಕ್ಕೆ ಹತ್ತಿತು, ಇನ್ನೂ ಚೆನ್ನಾಗಿ ಒಣಗಬೇಕಿತ್ತೇನೋ.

ಪುಡಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮರದ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಯೇ ಇಟ್ಟಿದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್95 ಮುಖಗವಸೇ ಬೇಕು. ಉಜ್ಜಿದ್ದು ಅಂಗಳದಲ್ಲಿ, ಸುಟ್ಟದ್ದು ಒಳಗೆ ಕಿಟಕಿಯ ಪಕ್ಕದಲ್ಲಿ. ಕೊನೆಯ ಉಜ್ಜಿನ ನಂತರ ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ, ವ್ಯಾಕ್ಯೂಮ್ ಎಳೆದು, ಒಣಬಟ್ಟೆಯಿಂದ ಒರೆಸಿದೆ. ಪುಡಿ ಹಿಡಿಯಲೆಂದು ಮಾರುವ ಅಂಟುಬಟ್ಟೆ ಪೇಂಟ್ ಬಳಿಯುವವರಿಗೆ ಒಳ್ಳೆಯದು, ಅದು ಬಿಡುವ ಮೇಣ ನಮ್ಮ ಮೊನೆಯ ಅಡಿಯಲ್ಲಿ ಹೊಗೆಯಾಗುತ್ತದೆ. ಉಕ್ಕಿನ ನಾರನ್ನೂ ಬಳಸಬಾರದು, ಅದರ ಚೂರುಗಳು ರಂಧ್ರಗಳಲ್ಲಿ ಉಳಿದು ಆಮೇಲೆ ತುಕ್ಕಿನ ಕಲೆ ಬಿಡುತ್ತವೆ.

ಚಿತ್ರ ಇಳಿಸುವಾಗ ಒಂದು ತಪ್ಪಿನಿಂದ ಸ್ವಲ್ಪದರಲ್ಲಿ ಪಾರಾದೆ. ಮನೆಯಲ್ಲಿ ನೀಲಿ ಕಾರ್ಬನ್ ಕಾಗದವಿತ್ತು. ಪಟ್ಟಿಯ ಮೇಲೆ ಅದರಿಂದ ಒಂದು ಗೆರೆ ಎಳೆದು ರಬ್ಬರಿನಿಂದ ಉಜ್ಜಿದರೆ ನೀಲಿ ಅಳಿಯುವ ಬದಲು ಹರಡಿತು, ಕಾಗದದಿಂದ ಉಜ್ಜಿದರೆ ನಾರಿನೊಳಕ್ಕೆ ಇಳಿಯಿತು. ಅದನ್ನು ಮಡಚಿಟ್ಟು, ನಕ್ಷೆಯ ಹಿಂಬದಿಗೆ 2ಬಿ ಪೆನ್ಸಿಲ್ ತಿಕ್ಕಿ, ಮೇಲಿನಿಂದ ಬಾಲ್‌ಪೆನ್ನಿನಲ್ಲಿ ಹಗುರವಾಗಿ ಗೀಚಿ ಇಳಿಸಿದೆ. ಒತ್ತಿ ಗೀಚಿದರೆ ಶಿವನೆಯಂತಹ ಮೆತ್ತನೆಯ ಮರದಲ್ಲಿ ಕಾಲುವೆ ಬೀಳುತ್ತದೆ, ಮೊನೆ ಆ ಕಾಲುವೆಯಿಂದ ಹೊರಬರಲು ಒಪ್ಪುವುದಿಲ್ಲ. ಏಪ್ರಿಲ್ ಸೆಕೆಯಲ್ಲಿ ಅಂಗೈಯ ಬೆವರು ಹಲಗೆಗೆ ಇಳಿಯದಂತೆ ಕೈಯಡಿಗೆ ಒಂದು ಹಳೆಯ ಪಂಚೆಯ ತುಂಡು ಇಟ್ಟುಕೊಂಡೆ.

ಚಿತ್ರಕ್ಕೆ ಹಸೆ ಚಿತ್ತಾರವನ್ನೇ ಮತ್ತೆ ಆರಿಸಿದ್ದಕ್ಕೆ ಹಟವೂ ಒಂದು ಕಾರಣ. ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆಯುವ ಆ ಗೆರೆಗಳು ಮರದ ಮೇಲೆ ತಿರುಗುಮುರುಗಾಗುತ್ತವೆ, ಬಿಳಿ ನೆಲ, ಕರಿ ಗೆರೆ. ಒತ್ತೊತ್ತಾಗಿ ಸಾಗುವ ಸಮಾನಾಂತರ ಗೆರೆಗಳಲ್ಲಿ ಒಂದು ಎಗರಿದರೂ ಸಾಲೇ ಕೆಡುತ್ತದೆ. ಹಲಗೆಯ ಸಿದ್ಧತೆಯನ್ನು ಇದಕ್ಕಿಂತ ನಿಷ್ಠುರವಾಗಿ ಪರೀಕ್ಷಿಸುವ ಚಿತ್ರ ನನಗೆ ಗೊತ್ತಿಲ್ಲ.

ಮೊದಲ ಗೆರೆಯನ್ನು ನಾರಿನ ಅಡ್ಡಕ್ಕೆ, ಎಡದಿಂದ ಬಲಕ್ಕೆ ಎಳೆದೆ. ಆಚಾರ್ರು ಗಾಜಿನಿಂದ ಹೆರೆದಿದ್ದ ಜಾಗ ಎಲ್ಲಿ ಆರಂಭವಾಗುತ್ತದೆಂದು ನನಗೆ ಗೊತ್ತಿತ್ತು. ಅಲ್ಲಿಗೆ ಬಂದಾಗ ಉಸಿರು ಹಿಡಿದದ್ದೂ ನಿಜ. ಮೊನೆ ಅಲ್ಲಿ ತೊಡರಲಿಲ್ಲ, ಗೆರೆಯ ಬಣ್ಣವೂ ಬದಲಾಗಲಿಲ್ಲ. ಹನ್ನೆರಡು ಗೆರೆಗಳ ಮೊದಲ ಸಾಲು ಮುಗಿಸಿ, ಹೋದ ವರ್ಷ ಜಿಲೇಬಿಗಳು ಎದ್ದಿದ್ದ ಅಂಚಿನ ಪಟ್ಟಿಗೆ ಛಾಯೆ ತುಂಬಿದೆ. ಮೂರು ಕಡೆ ಸಮವಾಗಿ ಕಂದಿತು. ನಾಲ್ಕನೆಯ ಕಡೆ, ಕೆಳಗಿನ ಅಂಚಿಗೆ ಕಾಲಿಂಚು ಒಳಗೆ, ಒಂದಿಂಚು ಉದ್ದದ ಒಂದೇ ಒಂದು ಗೀರು ಕಪ್ಪಾಗಿ ಎದ್ದಿತು. ನಾರಿಗೆ ಅಡ್ಡವಾದದ್ದು, 120ರದ್ದು. ಆ ತುದಿಯವರೆಗೆ ಪೆನ್ಸಿಲಿನ ಬಲೆ ಹಾಕಿರಲಿಲ್ಲವೆಂದು ಆಗ ನೆನಪಾಯಿತು. ನಕ್ಷೆಯಲ್ಲಿ ಅಲ್ಲಿ ಎರಡು ಗೆರೆಗಳಿದ್ದವು, ಮೂರು ಮಾಡಿದೆ, ಮತ್ತು ಹೊಂದಿಕೆಗಾಗಿ ಉಳಿದ ಮೂರು ಕಡೆಗೂ ಮೂರನೆಯ ಗೆರೆಯನ್ನು ಸೇರಿಸಬೇಕಾಯಿತು.